ಕನ್ನಡ ಸತ್ಯವೇದವೂ ನಿಷೇಧದ ಭೀತಿಯೂ

೧

ಧರ್ಮಗ್ರಂಥವೊಂದನ್ನು ಸರ್ಕಾರವು ನಿಷೇಧಿಸಬಲ್ಲುದೆ, ನಿಷೇಧಿಸೀತೆ ಎಂಬ ಪ್ರಶ್ನೆಯು ಕನ್ನಡನಾಡಿನ ಕ್ರೈಸ್ತ ಸಮಾಜದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ೨೦೨೧ರ ಡಿಸೆಂಬರ್ ೨೩ರಂದು ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯು ಮತಾಂತರವನ್ನು ಕುರಿತ ಮಸೂದೆಯನ್ನು ಅಂಗೀಕರಿಸಿದುದು ಒಂದು ಸಂಗತಿ. ೨೦೨೨ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಪ್ರೌಢಶಾಲೆಯ ಪ್ರವೇಶಪತ್ರದಲ್ಲಿ ಬೈಬಲ್ಲಿಗೆ ಸಂಬಂಧಿಸಿದ ಷರತ್ತೊಂದು ವಿವಾದಕ್ಕೆ ಗುರಿಯಾದುದು ಇನ್ನೊಂದು. ಇವೆರಡೂ ಸೇರಿ, ಇಂದು ಷರತ್ತಿನ ಮೇಲೆ ಬಂದ ಆಕ್ಷೇಪವು ನಾಳೆ ಗ್ರಂಥದ ಮೇಲೆಯೇ ಬಂದೀತೆಂಬ ಭೀತಿಯನ್ನು ಹಲವರಲ್ಲಿ ಮೂಡಿಸಿದವು.

ಈ ಭೀತಿಗೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಸಂವಿಧಾನವಿರುವ ದೇಶದಲ್ಲಿ ಧರ್ಮಗ್ರಂಥದ ನಿಷೇಧವೆಂಬುದು ಅಸಂಭವ, ಭೀತಿಯು ನಿರಾಧಾರ ಎಂಬುದು ಮೊದಲನೆಯದು. ಕಾಲವು ಕೆಟ್ಟಿದೆ, ಯಾವುದೂ ಅಸಂಭವವಲ್ಲ ಎಂಬುದು ಎರಡನೆಯದು. ಎರಡೂ ಉತ್ತರಗಳು ಪ್ರಶ್ನೆಯ ಹೊರಮೈಯನ್ನು ಮುಟ್ಟಿ ನಿಲ್ಲುತ್ತವೆ. ಪುಸ್ತಕಗಳ ನಿಷೇಧವು ವಾಸ್ತವವಾಗಿ ಯಾವ ದಾರಿಯಿಂದ ಬರುತ್ತದೆಂಬುದನ್ನು ಎರಡೂ ವಿಚಾರಿಸುವುದಿಲ್ಲ. ಕನ್ನಡದಲ್ಲಿ ಧರ್ಮಸಂಬಂಧವಾದ ಪುಸ್ತಕಗಳು ಮುಟ್ಟುಗೋಲಿಗೆ ಒಳಗಾದುದುಂಟು. ಅವುಗಳಲ್ಲೊಂದು ವಚನಸಂಕಲನವೇ ಆಗಿದ್ದಿತು. ಅಲ್ಲಿ ಯಾರೂ ಧರ್ಮಗ್ರಂಥವನ್ನು ನಿಷೇಧಿಸುತ್ತೇವೆಂದು ಹೇಳಲಿಲ್ಲ. ಈ ಪಾಠವು ಧರ್ಮಗ್ರಂಥದ ಪಾಠವಲ್ಲವೆಂದು ಮಾತ್ರ ಹೇಳಿದರು. ಭೀತಿಗೆ ಕಾರಣವಿದ್ದರೆ ಅದನ್ನು ಅರಸಬೇಕಾದುದು ಇಲ್ಲಿ.

೨

ಮೊದಲು, ಯಾವ ಗ್ರಂಥವನ್ನು ಕುರಿತು ಈ ಮಾತೆಂಬುದನ್ನು ನೋಡಬೇಕು. ಬೈಬಲ್ಲು ಪರದೇಶದ ಗ್ರಂಥವೆಂಬ ಮಾತು ಪರಿಚಿತವಾದುದು. ಮೂಲದ ಹೀಬ್ರೂ ಗ್ರೀಕ್ ಭಾಷೆಗಳ ಮಟ್ಟಿಗೆ ಅದು ದಿಟ. ಆದರೆ ಕನ್ನಡ ಬೈಬಲ್ಲು ಈಗ ಎರಡು ಶತಮಾನಗಳ ಸಮೀಪದ ವಯಸ್ಸಿನ ಕನ್ನಡ ಪುಸ್ತಕ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿದನು. ಆತನೂ ಆತನ ಸಹೋದ್ಯೋಗಿಗಳೂ ಕೂಡಿ ನಡೆಸಿದ ಅನುವಾದವು ೧೮೩೧ರಲ್ಲಿ ಸಂಪೂರ್ಣವಾಯಿತು. ಇದಕ್ಕೆ ಮೊದಲೇ, ೧೮೨೩ರಲ್ಲಿ, ಶ್ರೀರಾಮಪುರದ ಮುದ್ರಣಾಲಯದಿಂದ ಕನ್ನಡದ ಹೊಸ ಒಡಂಬಡಿಕೆಯೊಂದು ಹೊರಬಂದಿದ್ದಿತು. ಬಳ್ಳಾರಿಯ ಅನುವಾದವು ಅಲ್ಲಿಗೇ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ವೈಗಲ್ ಮೊದಲಾದವರ ಕೈಯಲ್ಲಿ ಪರಿಷ್ಕಾರವನ್ನು ಪಡೆಯಿತು, ಇಪ್ಪತ್ತನೆಯ ಶತಮಾನದಲ್ಲಿ ಮರಳಿ ತಿದ್ದುಪಡಿಯಾಯಿತು. ಕಥೋಲಿಕರಲ್ಲಿ ಬೇರೆ ಅನುವಾದದ ಪರಂಪರೆ ಬೆಳೆಯಿತು. ಸತ್ಯವೇದದ ಓದುಗನಿಗೆ 'ಸುವಾರ್ತೆ'ಯಾದುದು ಕಥೋಲಿಕ ಓದುಗನಿಗೆ 'ಶುಭಸಂದೇಶ'ವಾಯಿತು. ಒಬ್ಬನ 'ದೀಕ್ಷಾಸ್ನಾನ'ವು ಇನ್ನೊಬ್ಬನ 'ಜ್ಞಾನಸ್ನಾನ'ವಾಯಿತು. ಆದುದರಿಂದ 'ಕನ್ನಡ ಬೈಬಲ್' ಎಂಬ ಒಂದು ಹೆಸರಿನ ಕೆಳಗೆ ಹಲವು ಪಾಠಗಳಿವೆಯೆಂಬುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

ಈ ಗ್ರಂಥದ ಪರಿವಿಡಿಯನ್ನು ತೆರೆದು ನೋಡಿದರೂ ಸಾಕು, ಅನುವಾದಕರು ಯಾವ ಬಾವಿಯಿಂದ ನೀರು ಸೇದಿದರೆಂಬುದು ತಿಳಿಯುತ್ತದೆ. ಗ್ರಂಥದ ಹೆಸರೇ 'ಸತ್ಯವೇದ'. ಮೋಶೆಯ ಐದು ಪುಸ್ತಕಗಳು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರಾದವು. ಇಂಗ್ಲಿಷಿನಲ್ಲಿ ಜನಗಣತಿಯ ಹೆಸರನ್ನು ಹೊತ್ತ ನಾಲ್ಕನೆಯ ಪುಸ್ತಕಕ್ಕೆ ರಾಮಾಯಣದ ಓದುಗನು ಬಲ್ಲ 'ಅರಣ್ಯಕಾಂಡ'ವೆಂಬ ಹೆಸರನ್ನಿತ್ತುದು ಸಣ್ಣ ಸಂಗತಿಯಲ್ಲ. ದಾವೀದನ ಹಾಡುಗಳನ್ನು 'ಕೀರ್ತನೆಗಳು' ಎಂದಾಗ ಹರಿದಾಸರ ಶಬ್ದವನ್ನು ಬಳಸಿದಂತಾಯಿತು. 'ದೀಕ್ಷೆ'ಯು ಶೈವ ಜೈನ ಪರಂಪರೆಗಳಲ್ಲಿ ಶತಮಾನಗಳಿಂದ ಸವೆದ ಪದ. 'ಒಡಂಬಡಿಕೆ'ಯಂತೂ ಅಚ್ಚಗನ್ನಡದ ಮಾತು.

ಹೀಗೆ ಪದಗಳನ್ನು ಎತ್ತಿಕೊಂಡುದನ್ನು ಎರಡು ರೀತಿಯಲ್ಲಿ ನೋಡಬಹುದು. ಇದು ಕಪಟವೆಂದೂ, ಅನ್ಯಮತದವರನ್ನು ಸೆಳೆಯಲು ಅವರದೇ ಶಬ್ದಗಳನ್ನು ಬಲೆಯಾಗಿ ಬಳಸಿದರೆಂದೂ ಹೇಳುವವರುಂಟು. ಮಿಷನರಿಗಳ ಉದ್ದೇಶ ಮತಪ್ರಚಾರವೇ ಆಗಿದ್ದಿತು. ಅದನ್ನು ಅವರು ಮರೆಸಿದವರೂ ಅಲ್ಲ. ಆದರೆ ಭಾಷೆಯ ನಿಯಮ ಬೇರೆ. ಎರವಲು ಪಡೆದ ಪದವು ತನ್ನ ಹಳೆಯ ಅರ್ಥವನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರುವುದಿಲ್ಲ. 'ಕೀರ್ತನೆ'ಯೆಂಬ ಹೆಸರಿನಿಂದ ದಾವೀದನ ಹಾಡನ್ನು ಓದುವ ಕನ್ನಡ ಕ್ರೈಸ್ತನ ಭಕ್ತಿಯಲ್ಲಿ ಪುರಂದರದಾಸರ ಮನೆಯ ಗಾಳಿ ಸ್ವಲ್ಪವಾದರೂ ಬೀಸದೆ ಇರದು. ಕನ್ನಡವನ್ನು ಬೈಬಲ್ಲು ಎಷ್ಟು ಬಳಸಿಕೊಂಡಿತೋ ಬೈಬಲ್ಲನ್ನು ಕನ್ನಡವೂ ಅಷ್ಟೇ ಒಳಗೊಂಡಿತು.

ಇದೇ ಅವಧಿಯಲ್ಲಿ ಬೇರೊಂದು ಕೆಲಸವೂ ನಡೆಯಿತು. ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಮೋಗ್ಲಿಂಗನೇ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದನು. ಕಿಟ್ಟೆಲನು ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿ, ೧೮೯೪ರಲ್ಲಿ ನಿಘಂಟನ್ನು ಮುಗಿಸಿಕೊಟ್ಟನು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ'ವನ್ನೂ ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ'ಯನ್ನೂ ರಚಿಸಿದರು. ಸುವಾರ್ತೆಗಳನ್ನು ಬಲ್ಲವನಿಗಲ್ಲದೆ 'ಗೊಲ್ಗೊಥಾ' ಪೂರ್ಣವಾಗಿ ತೆರೆಯದು. ಸತ್ಯವೇದವನ್ನು ಕನ್ನಡದಿಂದ ಕಿತ್ತು ತೆಗೆಯಬೇಕೆನ್ನುವವನು ಕನ್ನಡದ ಎಷ್ಟು ಭಾಗವನ್ನು ಅದರೊಡನೆ ಕೀಳಬೇಕಾದೀತೆಂಬುದನ್ನು ಲೆಕ್ಕಹಾಕಬೇಕು.

೩

ಕಾನೂನಿನ ಸ್ಥಿತಿ ಏನು? ೧೯೨೭ರಲ್ಲಿ ಭಾರತ ದಂಡಸಂಹಿತೆಗೆ ೨೯೫ಎ ಎಂಬ ವಿಧಿಯು ಸೇರಿತು. ಯಾವುದಾದರೊಂದು ವರ್ಗದ ಧಾರ್ಮಿಕ ಭಾವನೆಗಳನ್ನು ಕೆರಳಿಸಬೇಕೆಂಬ ಬುದ್ಧಿಪೂರ್ವಕವೂ ದ್ವೇಷಪೂರಿತವೂ ಆದ ಉದ್ದೇಶದಿಂದ ಅವರ ಧರ್ಮವನ್ನು ಅವಮಾನಿಸುವುದು ಅದರಂತೆ ಅಪರಾಧ. ೧೯೫೭ರಲ್ಲಿ ರಾಮ್‌ಜೀಲಾಲ್ ಮೋದಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಧಿಯನ್ನು ಎತ್ತಿಹಿಡಿಯಿತು. ಹೊಸ ನ್ಯಾಯಸಂಹಿತೆ ಜಾರಿಗೆ ಬಂದ ೨೦೨೪ರ ಜುಲೈ ೧ರಿಂದ ಇದೇ ವಿಧಿಯು ೨೯೯ನೆಯ ಕಲಮಾಗಿ ಮುಂದುವರಿದಿದೆ.

ಧರ್ಮಗ್ರಂಥಕ್ಕೆ ಕಾನೂನು ಕೊಡುವ ರಕ್ಷಣೆಯೂ ಸ್ಪಷ್ಟವಾಗಿಯೇ ಇದೆ. ಪೆರಿಯಾರ್ ರಾಮಸ್ವಾಮಿ ನಾಯಕರು ಗಣೇಶನ ಮೂರ್ತಿಯನ್ನು ಒಡೆದುದಕ್ಕೆ ಸಂಬಂಧಿಸಿದ ೧೯೫೮ರ ತೀರ್ಪಿನಲ್ಲಿ, ಪವಿತ್ರವೆಂದು ಜನರು ಭಾವಿಸುವ ವಸ್ತುಗಳನ್ನು ಕೆಡಿಸುವುದರ ವಿರುದ್ಧವಿರುವ ವಿಧಿಯು ಬೈಬಲ್, ಕುರಾನ್, ಗ್ರಂಥಸಾಹೇಬ್‌ಗಳಂಥ ಪುಸ್ತಕಗಳಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು ತಿಳಿಸಿತು. ೧೯೮೫ರಲ್ಲಿ ಕಲ್ಕತ್ತೆಯಲ್ಲಿ ಚಾಂದ್‌ಮಲ್ ಚೋಪ್ರಾ ಎಂಬವರು ಕುರಾನನ್ನು ಮುಟ್ಟುಗೋಲು ಹಾಕಿಕೊಳ್ಳುವಂತೆ ಸರ್ಕಾರಕ್ಕೆ ಆಜ್ಞಾಪಿಸಬೇಕೆಂದು ಅರ್ಜಿ ಸಲ್ಲಿಸಿದಾಗ, ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿಮಲ್‌ಚಂದ್ರ ಬಸಾಕರು ಆ ವರ್ಷದ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿದರು. ಮುಸಲ್ಮಾನರಿಗೆ ಕುರಾನು, ಕ್ರೈಸ್ತರಿಗೆ ಬೈಬಲ್ಲು, ಹಿಂದೂಗಳಿಗೆ ಗೀತೆ ರಾಮಾಯಣ ಮಹಾಭಾರತಗಳು ಒಂದೇ ಬಗೆಯ ಸ್ಥಾನದಲ್ಲಿರುವುವೆಂಬುದನ್ನು ತೀರ್ಪು ಗುರುತಿಸಿತು. ಆದುದರಿಂದ ಬೈಬಲ್ಲನ್ನು ಬೈಬಲ್ಲೆಂಬ ಕಾರಣದಿಂದಲೇ ನಿಷೇಧಿಸುವ ಆಜ್ಞೆಗೆ ಭಾರತದ ನ್ಯಾಯಾಲಯದಲ್ಲಿ ಕಾಲೂರಲು ನೆಲವಿಲ್ಲವೆಂದೇ ಹೇಳಬೇಕು. ಮೊದಲನೆಯ ಉತ್ತರದವರ ಪಕ್ಷ ಇಲ್ಲಿಯವರೆಗೆ ಸರಿ.

೪

ಆದರೆ ಕಲ್ಕತ್ತೆಯ ತೀರ್ಪು ಕೊಡುವ ಅಭಯವು ಒಂದು ಪದದ ಮೇಲೆ ನಿಂತಿದೆ: ಅದು ಧರ್ಮಗ್ರಂಥ ಎಂಬ ಪದ. ಧರ್ಮಗ್ರಂಥವಾವುದು, ಅದರ ಸರಿಯಾದ ಪಾಠವಾವುದು ಎಂಬುದನ್ನು ಯಾರು ನಿರ್ಣಯಿಸುತ್ತಾರೆ? ಕನ್ನಡದ ಅನುಭವವು ಈ ಪ್ರಶ್ನೆಯಿಂದಲೇ ಪ್ರಾರಂಭವಾಗುತ್ತದೆ.

ಕರ್ನಾಟಕದ ಎರಡು ಪ್ರಕರಣಗಳು ಪ್ರಸಿದ್ಧವಾಗಿವೆ. ಪಿ. ವಿ. ನಾರಾಯಣರ 'ಧರ್ಮಕಾರಣ'ವೆಂಬ ಕಾದಂಬರಿ ೧೯೯೫ರ ಸಾಲಿನ ಅಕಾಡೆಮಿ ಪುರಸ್ಕಾರವನ್ನು ಪಡೆದ ಕೃತಿ. ಅಕ್ಕನಾಗಮ್ಮ ಹಾಗೂ ಚನ್ನಬಸವಣ್ಣನವರ ಜನನವನ್ನು ಕುರಿತ ಅದರ ಚಿತ್ರಣವು ವೀರಶೈವ ಸಮಾಜದ ಮನಸ್ಸನ್ನು ನೋಯಿಸಿತು. ೧೯೯೭ರಲ್ಲಿ ಸರ್ಕಾರವು ದಂಡಪ್ರಕ್ರಿಯಾ ಸಂಹಿತೆಯ ೯೫ನೆಯ ಕಲಮಿನ ಮೇರೆಗೆ ಅದನ್ನು ಮುಟ್ಟುಗೋಲಿಗೆ ಒಳಪಡಿಸಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ೨೦೦೭ರ ಮೇ ೨ರ ತೀರ್ಪು ಸರ್ಕಾರದ ಆಜ್ಞೆಯನ್ನು ಉಳಿಸಿತು. ಇದು ಕಾದಂಬರಿಯ ಮಾತಾಯಿತು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳನ್ನು 'ಬಸವ ವಚನ ದೀಪ್ತಿ' ಎಂಬ ಹೆಸರಿನಿಂದ ಪ್ರಕಟಿಸಿದರು. ಅದರಲ್ಲಿ 'ಕೂಡಲಸಂಗಮದೇವ' ಎಂಬ ಅಂಕಿತದ ಸ್ಥಾನದಲ್ಲಿ 'ಲಿಂಗದೇವ' ಎಂಬುದನ್ನು ಇರಿಸಿದರು. ಸರ್ಕಾರವು ೧೯೯೮ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಇಲ್ಲಿ ಸಂಕಲನಕರ್ತೆ ಧರ್ಮದ ವೈರಿಯಲ್ಲ, ಬಸವಧರ್ಮದ ಪೀಠದಲ್ಲಿದ್ದವರು. ಬದಲಾದುದು ಒಂದು ಅಂಕಿತ. ಆ ಬದಲಾವಣೆಯು ಶಾಸ್ತ್ರದೃಷ್ಟಿಯಿಂದ ತಪ್ಪೆಂಬುದರಲ್ಲಿ ಸಂದೇಹವಿಲ್ಲ. ವಚನಕಾರನ ಅಂಕಿತವನ್ನು ತಿದ್ದುವುದು ಶಾಸನದಲ್ಲಿ ದಾನಿಯ ಹೆಸರನ್ನು ಕೆತ್ತಿ ಬದಲಿಸಿದಂತೆ. ಯಾವ ಸಂಪಾದಕನೂ ಅದನ್ನು ಒಪ್ಪಲಾರನು. ಭಕ್ತರಿಗೆ ನೋವಾದುದೂ ಸಹಜವೇ.

ಆದರೆ ತಪ್ಪು ಪಾಠಕ್ಕೆ ಮದ್ದು ಯಾವುದು? ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಂದಿನಿಂದ, ಬಸವನಾಳರ ಆವೃತ್ತಿಯನ್ನು ಹಾದು, ಸರ್ಕಾರವೇ ೧೯೯೩ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದವರೆಗೆ, ಬಸವಣ್ಣನವರ ಅಂಕಿತವೇನೆಂಬುದು ಓದುಬರಹ ಬಲ್ಲ ಯಾವ ಕನ್ನಡಿಗನಿಗೂ ಗೋಚರವಾಗಿಯೇ ಇದ್ದಿತು. ಸರಿಯಾದ ಪಾಠವು ಜನರ ಕೈಯಲ್ಲಿರುವಾಗ ತಪ್ಪು ಪಾಠವು ವಿಮರ್ಶೆಯಿಂದಲೇ ಬೀಳಬೇಕಾದುದು. ವಿದ್ವಾಂಸರು ಮಾಡಬಹುದಾಗಿದ್ದ, ಅನೇಕರು ಮಾಡಿಯೂ ಇದ್ದ ಕೆಲಸವನ್ನು ಪೊಲೀಸರಿಗೆ ವಹಿಸಿದುದರಿಂದ ಅಂಕಿತಕ್ಕೆ ಹೆಚ್ಚಿನ ಪ್ರಾಮಾಣ್ಯವೇನೂ ಬರಲಿಲ್ಲ. ಬದಲಾಗಿ, ಧರ್ಮಗ್ರಂಥದ ಪಾಠನಿರ್ಣಯವು ಸರ್ಕಾರದ ಅಧಿಸೂಚನೆಯಿಂದ ಆಗಬಹುದೆಂಬ ಮೇಲ್ಪಂಕ್ತಿಯೊಂದು ಬಿದ್ದಿತು.

ಈ ಮೇಲ್ಪಂಕ್ತಿಯ ತುದಿಯಲ್ಲಿ ಏನಿದೆಯೆಂಬುದನ್ನು ರಷ್ಯಾದೇಶವು ತೋರಿಸಿಕೊಟ್ಟಿದೆ. ಅಲ್ಲಿ ೨೦೧೫ರಲ್ಲಿ ಕಾನೂನನ್ನು ತಿದ್ದಿ, ಬೈಬಲ್, ಕುರಾನ್, ಯಹೂದ್ಯರ ತನಾಖ್, ಬೌದ್ಧರ ಕಂಜೂರ್ ಇವನ್ನು ಉಗ್ರವಾದದ ಸಾಹಿತ್ಯವೆಂದು ಸಾರಕೂಡದೆಂದು ವಿಧಿಸಲಾಯಿತು. ನೋಡುವುದಕ್ಕೆ ಇದಕ್ಕಿಂತ ಭದ್ರವಾದ ಕೋಟೆಯಿಲ್ಲ. ಆದರೆ ೨೦೧೭ರ ಆಗಸ್ಟ್ ೧೭ರಂದು ವೀಬೊರ್ಗ್ ನಗರದ ನ್ಯಾಯಾಲಯವು ಯೆಹೋವನ ಸಾಕ್ಷಿಗಳೆಂಬ ಪಂಥದವರ ಬೈಬಲ್ ಅನುವಾದವನ್ನು ಉಗ್ರವಾದದ ಸಾಹಿತ್ಯವೆಂದೇ ಸಾರಿತು. ಆ ಅನುವಾದವು ಬೈಬಲ್ಲೇ ಅಲ್ಲವೆಂಬ ತಜ್ಞರ ಅಭಿಪ್ರಾಯವು ಮುಂದೆ ಬಂದುದರಿಂದ ಕಾನೂನಿನ ಕೋಟೆ ಅದನ್ನು ಕಾಯಲಿಲ್ಲ. ಬಾಗಿಲಿಗೆ ಬೀಗವಿದ್ದರೂ ಬೀಗದ ಕೈ ಯಾರಲ್ಲಿದೆಯೆಂಬುದೇ ಮುಖ್ಯವೆಂದಾಯಿತು. ಹಲವು ಪಾಠಗಳುಳ್ಳ ಕನ್ನಡ ಬೈಬಲ್ಲಿಗೂ ಈ ಮಾತು ದೂರದ್ದಲ್ಲ.

ಹೊರನಾಡಿನ ಕನ್ನಡಿಗರು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ೯೫ನೆಯ ಕಲಮಿನಂತೆ, ಅದರ ಸ್ಥಾನಕ್ಕೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೯೮ನೆಯ ಕಲಮಿನಂತೆಯೂ, ರಾಜ್ಯ ಸರ್ಕಾರವು ತನ್ನ ಅಭಿಪ್ರಾಯದ ಕಾರಣಗಳನ್ನು ಹೇಳಿ ಅಧಿಸೂಚನೆ ಹೊರಡಿಸಿದೊಡನೆ ಪುಸ್ತಕದ ಪ್ರತಿಯೊಂದು ಪ್ರತಿಯೂ ಸರ್ಕಾರದ ವಶವಾಗುತ್ತದೆ. ಭಾರತದಲ್ಲಿ ಎಲ್ಲಿ ಕಂಡರೂ ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ಬಾಧಿತನಾದವನು ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಎಂದರೆ ಆಜ್ಞೆ ಮೊದಲು, ವಿಚಾರಣೆ ಆಮೇಲೆ. ಬೆಂಗಳೂರಿನಲ್ಲಿ ಹೊರಟ ಅಧಿಸೂಚನೆಯ ಕೈ ಹೈದರಾಬಾದಿನ ಲಿಂಗಂಪಲ್ಲಿಯ ಕನ್ನಡ ಪುಸ್ತಕದ ಕಪಾಟಿನವರೆಗೂ ಚಾಚಬಲ್ಲುದು. ಗಡಿಯ ಆಚೆ ಇರುವವರು ಈ ಚರ್ಚೆಯಲ್ಲಿ ಕೇವಲ ಪ್ರೇಕ್ಷಕರಲ್ಲ.

೫

ಇನ್ನು ೨೦೨೨ರ ಅಧಿನಿಯಮದ ಮಾತು. ವಿಧಾನಸಭೆಯಲ್ಲಿ ಅಂಗೀಕೃತವಾದ ಮಸೂದೆಯು ಮೊದಲು ಮೇ ತಿಂಗಳಲ್ಲಿ ಅಧ್ಯಾದೇಶವಾಗಿ, ಸೆಪ್ಟೆಂಬರಿನಲ್ಲಿ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವಾಗಿ ರೂಪುಗೊಂಡಿತು. ೨೦೨೩ರ ಜೂನ್ ೧೫ರಂದು ಹೊಸ ಸಚಿವ ಸಂಪುಟವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಬಲಾತ್ಕಾರದಿಂದಲೂ ವಂಚನೆಯಿಂದಲೂ ನಡೆಯುವ ಮತಾಂತರವನ್ನು ತಡೆಯುವುದಕ್ಕೆ ಸರ್ಕಾರಕ್ಕೆ ಅಧಿಕಾರವುಂಟೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಒಪ್ಪಿದೆ. ಸಂವಿಧಾನದ ೨೫ನೆಯ ಅನುಚ್ಛೇದದಲ್ಲಿರುವ ಪ್ರಚಾರದ ಹಕ್ಕು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದೂ ಹೇಳಿದೆ. ಹಸಿದವನ ಮುಂದೆ ಅನ್ನವನ್ನೂ ರೋಗಿಯ ಮುಂದೆ ಔಷಧವನ್ನೂ ಹಿಡಿದು ದೇವರನ್ನು ಬದಲಿಸು ಎನ್ನುವುದನ್ನು ಯಾವ ಧರ್ಮವೂ ಸಮರ್ಥಿಸಲಾರದು.

ಆದರೆ ಈ ಅಧಿನಿಯಮದಲ್ಲಿ 'ಆಮಿಷ' ಎಂಬ ಪದದ ಅರ್ಥವಿವರಣೆಯು ಅಲ್ಲಿಗೆ ನಿಲ್ಲಲಿಲ್ಲ. ಉಡುಗೊರೆ, ಹಣ, ಉದ್ಯೋಗಗಳ ಜೊತೆಗೆ, ಒಂದು ಧರ್ಮದ ಆಚರಣೆ ವಿಧಿಗಳನ್ನು ಇನ್ನೊಂದರೊಡನೆ ಹೋಲಿಸಿ ಕೀಳಾಗಿ ಚಿತ್ರಿಸುವುದನ್ನೂ, ಒಂದು ಧರ್ಮವನ್ನು ಇನ್ನೊಂದಕ್ಕೆ ಎದುರಾಗಿ ಹೊಗಳುವುದನ್ನೂ ಅದರಲ್ಲಿ ಸೇರಿಸಲಾಯಿತು. ಕಲ್ಕತ್ತೆಯ ತೀರ್ಪು ಯಾವ ಬಾಗಿಲನ್ನು ಮುಚ್ಚಿದ್ದಿತೋ ಅದರ ಪಕ್ಕದಲ್ಲಿ ಒಂದು ಕಿಟಕಿಯನ್ನು ಈ ವ್ಯಾಖ್ಯೆಯು ತೆರೆಯಿತು. ಗ್ರಂಥವು ನಿಷಿದ್ಧವಲ್ಲ; ಆದರೆ ತನ್ನ ದೇವರೇ ನಿಜವಾದ ದೇವರೆಂದು ಸಾರದ ಧರ್ಮಗ್ರಂಥ ಯಾವುದಿದೆ? ಅದನ್ನು ನೆರೆಯವನ ಎದುರಿನಲ್ಲಿ ಓದಿ ವಿವರಿಸುವವನು ಯಾವ ಗಳಿಗೆಯಲ್ಲಿ ಆಮಿಷವೊಡ್ಡಿದವನಾಗುತ್ತಾನೆಂಬುದು ಆತನಿಗೇ ತಿಳಿಯದು. ಪುಸ್ತಕವು ಕಪಾಟಿನಲ್ಲಿ ಸುರಕ್ಷಿತ, ನಾಲಗೆಯ ಮೇಲೆ ಅರಕ್ಷಿತ ಎಂಬಂತಾಗುತ್ತದೆ. ಭೀತಿಯು ನಿರಾಧಾರವಲ್ಲವೆನ್ನುವ ಎರಡನೆಯ ಉತ್ತರದಲ್ಲಿ ಇರುವ ತಥ್ಯವು ಇದು.

ಈ ಅಳತೆಗೋಲನ್ನು ಕನ್ನಡದ ಇತರ ಪುಸ್ತಕಗಳ ಮೇಲೆ ಇಟ್ಟು ನೋಡಿದರೆ ಅದರ ಸ್ವರೂಪವು ಇನ್ನೂ ಬಯಲಾಗುತ್ತದೆ. ಯಜ್ಞದ ಪಶುವಧೆಯನ್ನು ಹಳಿದವರು, ಸ್ಥಾವರವನ್ನು ತೊರೆದು ಜಂಗಮವನ್ನು ಹಿಡಿಯೆಂದವರು, ಹಲವು ದೈವಗಳನ್ನು ಬಿಟ್ಟು ಒಬ್ಬನನ್ನು ನಂಬೆಂದವರು ಶರಣರು. ಅವರ ಮಾತು ಮತಾಂತರದ ಮಾತೇ ಆಗಿದ್ದಿತು. ಅದನ್ನು ಕೇಳಿ ಜನರು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದರು. ಜೈನ ಕವಿಗಳು ವೈದಿಕ ಮತವನ್ನು ಖಂಡಿಸಿದರು. ಬ್ರಹ್ಮಶಿವನ 'ಸಮಯಪರೀಕ್ಷೆ'ಯು ಅನ್ಯಮತಗಳ ಖಂಡನೆಗಾಗಿಯೇ ಹುಟ್ಟಿದ ಕೃತಿ. ಬೈಬಲ್ಲಿನ ವಾಚನವನ್ನು ಹಿಡಿಯುವ ಬಲೆ ಇವನ್ನು ಹಿಡಿಯದೆ ಬಿಡುವುದಾದರೆ ಅದು ಕಾನೂನಿನ ನಿಯಮದಿಂದಲ್ಲ, ಬಲೆ ಬೀಸುವವನ ಇಚ್ಛೆಯಿಂದ ಮಾತ್ರ.

ಕ್ಲಾರೆನ್ಸ್ ಶಾಲೆಯ ವಿವಾದವನ್ನು ಇದರಿಂದ ಬೇರೆಯಾಗಿಯೇ ನೋಡಬೇಕು. ಅಲ್ಲಿ ಆಕ್ಷೇಪಕ್ಕೆ ಗುರಿಯಾದುದು, ಮಗುವು ಬೈಬಲ್ಲನ್ನು ತರುವುದಕ್ಕೆ ತಂದೆತಾಯಿಗಳು ಆಕ್ಷೇಪಿಸುವುದಿಲ್ಲವೆಂದು ಪ್ರವೇಶದ ಸಮಯದಲ್ಲಿಯೇ ಬರೆದುಕೊಡಬೇಕೆಂಬ ಷರತ್ತು. ಸರ್ಕಾರದ ಮನ್ನಣೆಯುಳ್ಳ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಹಾಜರಾಗುವಂತೆ ಯಾರನ್ನೂ ಅವರ, ಅಥವಾ ಅಪ್ರಾಪ್ತವಯಸ್ಕರಾದರೆ ಪೋಷಕರ, ಸಮ್ಮತಿಯಿಲ್ಲದೆ ಬಲವಂತಪಡಿಸಕೂಡದೆಂದು ಸಂವಿಧಾನದ ೨೮ನೆಯ ಅನುಚ್ಛೇದದ ಮೂರನೆಯ ಖಂಡವು ಹೇಳುತ್ತದೆ. ಸೀಟು ಬೇಕಾದರೆ ಸಹಿ ಮಾಡಿರೆಂದು ಪಡೆದ ಸಮ್ಮತಿಯು ಸಮ್ಮತಿಯೇ ಎಂಬುದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿದವರೆಲ್ಲರೂ ಬೈಬಲ್ಲಿನ ವೈರಿಗಳಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳು ತಮ್ಮ ಗ್ರಂಥದ ಸ್ವಾತಂತ್ರ್ಯವನ್ನು ಬಯಸುವಲ್ಲಿ ಪರರ ಮಕ್ಕಳ ಸಮ್ಮತಿಯನ್ನೂ ಅಷ್ಟೇ ಗೌರವದಿಂದ ಕಾಣಬೇಕು. ಆದರೆ ಪ್ರಶ್ನೆ ಸಮ್ಮತಿಯದೇ ಹೊರತು ಪುಸ್ತಕದ್ದಲ್ಲ. ವಿವಾದದ ಗದ್ದಲದಲ್ಲಿ ಸಮ್ಮತಿಯ ಮಾತು ಹಿಂದೆ ಸರಿದು ಪುಸ್ತಕವೇ ಆರೋಪಿಯಂತೆ ನಿಂತುದು ದುರ್ದೈವ.

೬

ಹೈದರಾಬಾದಿನ ಕನ್ನಡಿಗರಿಗೆ ಈ ವಿಷಯದಲ್ಲಿ ತಮ್ಮದೇ ಆದ ಚರಿತ್ರೆಯೊಂದು ಉಂಟು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಹವನಕುಂಡಕ್ಕೂ ಮೆರವಣಿಗೆಗೂ ಅಪ್ಪಣೆ ಬೇಡಬೇಕಾಗಿದ್ದಿತು. ೧೯೩೮-೩೯ರಲ್ಲಿ ಆರ್ಯಸಮಾಜವು ಧರ್ಮಸ್ವಾತಂತ್ರ್ಯಕ್ಕಾಗಿಯೇ ಸತ್ಯಾಗ್ರಹವನ್ನು ನಡೆಸಿತು. ದೇಶದ ನಾನಾ ಭಾಗಗಳಿಂದ ಬಂದ ಸತ್ಯಾಗ್ರಹಿಗಳು ನಿಜಾಮರ ಸೆರೆಮನೆಗಳನ್ನು ತುಂಬಿದರು. ಅದಾದ ಕೆಲವೇ ವರ್ಷಗಳಲ್ಲಿ, ೧೯೪೪ರಲ್ಲಿ, ಸಿಂಧ್ ಪ್ರಾಂತದ ಸರ್ಕಾರವು ದಯಾನಂದ ಸರಸ್ವತಿಯವರ 'ಸತ್ಯಾರ್ಥಪ್ರಕಾಶ'ದ ಮೇಲೆ ಕೈಯಿಟ್ಟು, ಇಸ್ಲಾಮನ್ನು ವಿಮರ್ಶಿಸುವ ಹದಿನಾಲ್ಕನೆಯ ಸಮುಲ್ಲಾಸವನ್ನು ಬಿಟ್ಟಲ್ಲದೆ ಆ ಗ್ರಂಥವನ್ನು ಅಚ್ಚುಹಾಕಬಾರದೆಂದು ಆಜ್ಞಾಪಿಸಿತು. ಅದೇ ಗ್ರಂಥದ ಹದಿಮೂರನೆಯ ಸಮುಲ್ಲಾಸವು ಬೈಬಲ್ಲಿನ ಕಟುವಾದ ವಿಮರ್ಶೆ. ಬೈಬಲ್ಲನ್ನು ತಡೆಯಬೇಕೆನ್ನುವವರು 'ಸತ್ಯಾರ್ಥಪ್ರಕಾಶ'ವನ್ನು ತಡೆದ ಆಜ್ಞೆಯನ್ನು ಮರೆಯಬಾರದು. 'ಸತ್ಯಾರ್ಥಪ್ರಕಾಶ'ದ ಮಾತು ನೋವುಂಟುಮಾಡುತ್ತದೆನ್ನುವವರು ತ್ರಾವಾಗಿ ಬೈಬಲ್ಲಿನ ಸ್ವಾತಂತ್ರ್ಯವನ್ನು ಬೇಡಲಾರರು. ಎರಡು ಪುಸ್ತಕಗಳೂ ಒಂದೇ ದೋಣಿಯಲ್ಲಿವೆ.

ನೋವುಂಟುಮಾಡುವ ಪುಸ್ತಕಕ್ಕೆ ಉತ್ತರವೇನೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಯಾಳ್ಪಾಣದ ಆರುಮುಗ ನಾವಲರು ತೋರಿಸಿದರು. ಪೀಟರ್ ಪರ್ಸಿವಲ್ಲನು ಬೈಬಲ್ಲನ್ನು ತಮಿಳಿಗೆ ತರುವಾಗ ಆತನಿಗೆ ನೆರವಾದವರು ಅವರು. ಮಿಷನರಿಗಳ ಕರಪತ್ರಗಳು ಶೈವಮತವನ್ನು ನಿಂದಿಸಿದಾಗ ೧೮೫೪ರಲ್ಲಿ 'ಶೈವದೂಷಣ ಪರಿಹಾರ'ವನ್ನು ಬರೆದು, ಬೈಬಲ್ಲಿನ ತಮ್ಮ ಆಳವಾದ ಪರಿಚಯವನ್ನೇ ಆಯುಧವಾಗಿ ಬಳಸಿ ಉತ್ತರಕೊಟ್ಟವರೂ ಅವರೇ. ಎದುರಾಳಿಯ ಗ್ರಂಥವನ್ನು ಬಲ್ಲವನಿಗೆ ಅದರ ನಿಷೇಧವು ಬೇಕಾಗುವುದಿಲ್ಲ.

ಇನ್ನೂ ಹಿಂದಕ್ಕೆ ಸರಿದರೆ, ಈ ನಾಡಿನ ರಾಜಶಾಸನವೂ ಬೇರೆ ದಾರಿಯನ್ನು ಹಿಡಿದುದು ಕಾಣುತ್ತದೆ. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಬುಕ್ಕರಾಯನು ಯಾವ ಗ್ರಂಥವನ್ನೂ ತರಿಸಿ ಪರೀಕ್ಷಿಸಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನದರ್ಶನವನ್ನು ಕಾಯುವ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದನು. ಶ್ರವಣಬೆಳಗೊಳದ ಆ ಶಾಸನದಲ್ಲಿ ಪ್ರಬಲರಾದವರು ದುರ್ಬಲರಾದವರ ಕಾವಲುಗಾರರಾದರು. ರಾಜನು ಮತಗಳ ಸತ್ಯಾಸತ್ಯವನ್ನು ನಿರ್ಣಯಿಸಲು ಹೋಗದೆ ನೆರೆಹೊರೆಯನ್ನು ಮಾತ್ರ ನಿರ್ಣಯಿಸಿದನು.

'ಕವಿರಾಜಮಾರ್ಗ'ದಲ್ಲಿ ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಐಶ್ವರ್ಯವೆಂಬ ಅರ್ಥದ ಪದ್ಯವಿರುವುದು ಸರ್ವರಿಗೂ ತಿಳಿದುದೇ. ಆ ಕೃತಿ ಹುಟ್ಟಿದ ಮಾನ್ಯಖೇಟವು, ಇಂದಿನ ಮಳಖೇಡವು, ೧೯೫೬ರವರೆಗೆ ಹೈದರಾಬಾದು ಸಂಸ್ಥಾನದ ಊರಾಗಿದ್ದಿತು. ಸಭೆಗಳಲ್ಲಿ ಆ ಪದ್ಯವನ್ನು ಉದಾಹರಿಸುವುದು ವಾಡಿಕೆಯಾಗಿರುವುದರಿಂದ ಅದರ ಎರಡು ಸೂಕ್ಷ್ಮಗಳು ಮರೆಯಾಗಿವೆ. ಕವಿ ಬಳಸಿದುದು ಸೈರಣೆಯ ಮಾತು, ಮೆಚ್ಚುಗೆಯದಲ್ಲ. ಇಷ್ಟವಾದುದನ್ನು ಯಾರೂ ಸೈರಿಸಬೇಕಾಗಿಲ್ಲ. ಕಷ್ಟವಾದುದನ್ನು ಸೈರಿಸುವುದರಲ್ಲಿಯೇ ಆ ಐಶ್ವರ್ಯದ ಬೆಲೆ. ಎರಡನೆಯದಾಗಿ, ಕವಿ ಧರ್ಮವೊಂದನ್ನೇ ಹೇಳದೆ ವಿಚಾರವನ್ನೂ ಕೂಡಿಸಿ ಹೇಳಿದನು. ಪರಧರ್ಮದ ಸತ್ಯವೇದಕ್ಕೆ ಸಲ್ಲುವ ಸೈರಣೆ ಸ್ವಧರ್ಮದೊಳಗಿನ ಭಿನ್ನವಿಚಾರದ ಕಾದಂಬರಿಗೂ, ತಪ್ಪು ಪಾಠದ ಸಂಕಲನಕ್ಕೂ ಸಲ್ಲಬೇಕು.

ಕನ್ನಡ ಬೈಬಲ್ಲಿನ ಭವಿಷ್ಯವನ್ನು ಕುರಿತ ಭೀತಿಗೆ ನಿಜವಾದ ಉತ್ತರವು ಇಲ್ಲಿದೆ. 'ಧರ್ಮಕಾರಣ'ವೂ 'ವಚನ ದೀಪ್ತಿ'ಯೂ ಮುಟ್ಟುಗೋಲಾದಾಗ ಅವುಗಳ ಬಗೆಗೆ ಮಾತಾಡಿದವರು ಕೆಲವರು. ಅದು ತಮ್ಮ ಮನೆಯ ವಿಷಯವಲ್ಲವೆಂದು ಸುಮ್ಮನಿದ್ದವರು ಹಲವರು. ಆಗ ಬಲಗೊಂಡ ಅಧಿಕಾರವು ಎಲ್ಲ ಗ್ರಂಥಗಳ ಮೇಲೂ ಒಂದೇ ಸಮನಾಗಿ ತೂಗುತ್ತಿದೆ. ಸತ್ಯವೇದವನ್ನು ಕಾಯಬೇಕೆನ್ನುವವನು ವಚನದ ಪಾಠನಿರ್ಣಯವು ವಿದ್ವಾಂಸರ ಕೈಯಲ್ಲಿಯೇ ಉಳಿಯಬೇಕೆಂದು ಹೋರಾಡಬೇಕು. ವಚನವನ್ನು ಕಾಯಬೇಕೆನ್ನುವವನು ಸತ್ಯವೇದವನ್ನು ಬೀದಿಯಲ್ಲಿ ಓದುವವನ ಹಕ್ಕನ್ನು ಎತ್ತಿಹಿಡಿಯಬೇಕು. ಖಂಡಿಸಬೇಕಾದುದನ್ನು ಖಂಡಿಸಲಿ, ತಿದ್ದಬೇಕಾದುದನ್ನು ತಿದ್ದಲಿ. ಆ ಕೆಲಸವು ಲೇಖನಿಯಿಂದ ಆಗಲಿ. ಬಳ್ಳಾರಿಯಲ್ಲಿ ಕನ್ನಡವನ್ನು ಕಲಿತ ಗ್ರಂಥವನ್ನು ಕನ್ನಡದಲ್ಲಿಯೇ ಪ್ರಶ್ನಿಸುವ ಸಾಮರ್ಥ್ಯವು ಈ ಭಾಷೆಗೆ ಇದ್ದೇ ಇದೆ.